ನಾಡಿಹೊತ್ತಿಗೆ ಅಡಗಿಸಿದ ಪುಟ

ನಾಡಿಹೊತ್ತಿಗೆ ಎಂಬ, ತೊಳೆದು ಬಳಸುವ ಯಂತ್ರಪುಸ್ತಕವನ್ನು ರೂಪಿಸಲು ಡಾ. ನೀಲಾಂಬಿಕೆ ಮುದಗಲ್ಲ ಹನ್ನೊಂದು ವರ್ಷ ದುಡಿದಿದ್ದರು. ಗದಗಿನ ಅರಳು ಮಕ್ಕಳ ಆಸ್ಪತ್ರೆಯಲ್ಲಿ ಅಸ್ಥಿಮಜ್ಜೆ ಬದಲಿಸಿಕೊಳ್ಳುವ ಮಕ್ಕಳ ಕೋಣೆಗೆ ಕಾಗದದ ಪುಸ್ತಕ ಹೋಗುವಂತಿರಲಿಲ್ಲ. ಹಾಳೆಗಳ ನಡುವೆ ಅಡಗಿದ ಬೂಷ್ಟಿನ ಒಂದು ಕಣವೂ ಅಂಥ ಮಗುವಿನ ಪ್ರಾಣಕ್ಕೆ ಎರವಾಗಬಲ್ಲದು. ಮೊದಲ ಆರು ಮಾದರಿಗಳು ಉಗಿಯಲ್ಲಿ ತೊಳೆದೊಡನೆ ಸುಕ್ಕುಗಟ್ಟಿದವು. ಏಳನೆಯದು ನೂರು ಸಲ ತೊಳೆದರೂ ಕೆಡಲಿಲ್ಲ. ೨೦೪೧ರ ಒಂದು ಬೆಳಿಗ್ಗೆ ಗಾಜಿನ ಗೋಡೆಯಾಚೆ ಒಂದು ಮಗು ಅದರ ಮೊದಲ ಪುಟ ತಿರುವಿದಾಗ ಈಚೆ ನಿಂತ ವೈದ್ಯರು ಕೈಕುಲುಕುವುದನ್ನೂ ಮರೆತಿದ್ದರು.

ಇಪ್ಪತ್ತು ವರ್ಷಗಳಲ್ಲಿ ಹೊತ್ತಿಗೆ ಇನ್ನಷ್ಟು ಜಾಣವಾಯಿತು. ರಟ್ಟಿನಲ್ಲಿ ಹೆಣೆದ, ಕೂದಲಿಗಿಂತ ಸಣ್ಣ ತಂತುಗಳು ಓದುವ ಬೆರಳಿನ ನಾಡಿಯನ್ನೂ ಬೆವರನ್ನೂ ಅಳೆಯುತ್ತಿದ್ದವು. ಮಗು ದಣಿದರೆ ಹೊತ್ತಿಗೆ ತಾನೇ ದನಿಯೆತ್ತಿ ಓದುತ್ತಿತ್ತು. ನಿದ್ದೆ ಬಂದರೆ ನಿಲ್ಲುತ್ತಿತ್ತು. ನಾಡಿ ಮಿತಿಮೀರಿ ಓಡತೊಡಗಿದರೆ ಮುಂದಿನ ಮಾತುಗಳನ್ನು ಮೆತ್ತಗಾಗಿಸುವ ಅಧಿಕಾರವನ್ನೂ ನೀಲಾಂಬಿಕೆ ಕಳೆದ ವರ್ಷವಷ್ಟೇ ಅದಕ್ಕೆ ಕೊಟ್ಟಿದ್ದರು.

ಆಸ್ಪತ್ರೆಯ ಗ್ರಂಥಪಾಲಕ ಬಸಲಿಂಗಪ್ಪ ಕೊಟಗಿಯವರದು ಮಾತ್ರ ಹಳೆಯ ಕಟ್ಟಳೆ. ಪುಸ್ತಕ ಮರಳಿಸುವ ಮಗು ಕತೆಯ ಕೊನೆಯನ್ನು ಕೋಣೆಯ ಮೈಕಿನಲ್ಲಿ ಹೇಳಬೇಕು. ಹೇಳಿದ ಮೇಲೆಯೇ ಮುಂದಿನ ಪುಸ್ತಕ. ಒಬ್ಬರನ್ನೊಬ್ಬರು ಮುಟ್ಟಲಾಗದ ಆ ಮಕ್ಕಳು ಇದಕ್ಕಾಗಿಯೇ ಕಾದಿರುತ್ತಿದ್ದರು, ಏಕೆಂದರೆ ಅಕ್ಕಪಕ್ಕದ ಕೋಣೆಗಳಿಗೂ ಅದು ಕೇಳಿಸುತ್ತಿತ್ತು.

ಅಂದು ಸರದಿ ಒಂಬತ್ತು ವರ್ಷದ ತನುಜಾ ಲಮಾಣಿಯದು. ಊರಿಗೆ ನಲ್ಲಿ ಬಂದ ಮೇಲೆ ನೀರಗಾಡಿ ಎಳೆಯುತ್ತಿದ್ದ ಕರಿಯನೆಂಬ ಮುದಿ ಎತ್ತು ಗೋಶಾಲೆ ಸೇರಿ ಹಸಿರು ಮೇಯ್ದುಕೊಂಡು ಸುಖವಾಗಿತ್ತೆಂದು ಅವಳು ಕತೆ ಮುಗಿಸಿದಳು. ಪಕ್ಕದ ಕೋಣೆಯಿಂದ ಹತ್ತು ವರ್ಷದ ಸಾನಿಯಾ ನಕ್ಕಳು.

"ಯಾವ ಗೋಶಾಲಿ ಲೇ? ಕರಿಯಾ ಬಾವಿಕಟ್ಟಿ ಹತ್ರ ಸತ್ತಹೋತು. ನೀ ಓದೀಯೋ, ಮಕ್ಕೊಂಡಿದ್ದೀಯೋ?"

"ನಾ ಮಕ್ಕೊಂಡಿದ್ದಿಲ್ಲ. ನಿನ್ನ ಪುಸ್ತಕಾನ ಕೆಟ್ಟೈತಿ."

ಬಸಲಿಂಗಪ್ಪನವರು ಕಪಾಟಿನಿಂದ ಮೂಲ ಮುದ್ರಿತ ಪ್ರತಿ ತೆಗೆದು ನೋಡಿದರು. ಸಾನಿಯಾ ಹೇಳಿದ್ದೇ ನಿಜ. ಅವಳದು ಸುಲಭಕ್ಕೆ ಏರದ ನಾಡಿ. ಆದ್ದರಿಂದ ಹೊತ್ತಿಗೆ ಅವಳಿಗೆ ಕತೆಯನ್ನು ಇದ್ದಂತೆಯೇ ಕೊಟ್ಟಿತ್ತು. ತನುಜಾಳ ನಾಡಿ ಎತ್ತು ಕುಸಿಯುವ ಮೊದಲೇ ಓಡಿತ್ತು; ಹೊತ್ತಿಗೆ ಅವಳಿಗೆ ಕೊನೆಯನ್ನೇ ಬದಲಿಸಿಬಿಟ್ಟಿತ್ತು. ಮಕ್ಕಳ ಮುಂದೆ ಮರೆಮಾಚುವ ಅಭ್ಯಾಸ ಬಸಲಿಂಗಪ್ಪನವರಿಗಿರಲಿಲ್ಲ; ಇದ್ದದ್ದನ್ನು ಹೇಳಿಬಿಟ್ಟರು.

ತನುಜಾ ಹೊತ್ತಿಗೆಯನ್ನು ಕಿಂಡಿಯಿಂದ ಹೊರಗೆ ತಳ್ಳಿದಳು. ಮರುದಿನ ಅವಳ ಹಳೆಯ ಮಜ್ಜೆಯನ್ನು ಬರಿದುಮಾಡುವ ಗುಳಿಗೆಗಳು ಆರಂಭವಾಗಬೇಕಿತ್ತು. ಅವು ನಾಲ್ಕು ದಿನ ತಪ್ಪದೆ ಹೊಟ್ಟೆಗಿಳಿದರಷ್ಟೇ ಅಣ್ಣನ ಮಜ್ಜೆ ಅವಳಲ್ಲಿ ಬೇರೂರೀತು. ಬೆಳಿಗ್ಗೆ ಗುಳಿಗೆ ನುಂಗಲು ಅವಳು ಬಾಯಿ ತೆರೆಯಲಿಲ್ಲ. ತಾಯಿ ಬೇಡಿಕೊಂಡಳು, ದಾದಿಯರು ರಮಿಸಿದರು. ಮಧ್ಯಾಹ್ನದ ಹೊತ್ತಿಗೆ ವೈದ್ಯ ವೀರೇಶ ಅಂಗಡಿಯವರು ನೀಲಾಂಬಿಕೆಯವರನ್ನು ಕರೆಸಿದರು. ಗಾಜಿನಾಚೆಯಿಂದ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ.

"ನನ್ನ ನಾಡಿ ನೋಡಿ ಪುಸ್ತಕ ಸುಳ್ಳ ಹೇಳ್ತು. ಆರಾಮ ಆಗ್ತೀ ಅಂತ ಡಾಕ್ಟ್ರು ಹೇಳ್ತಾರಲ್ಲ, ಅವರೂ ನನ್ನ ಮಾರಿ ನೋಡೇ ಹೇಳ್ತಾರೇನ್ರಿ, ಅಜ್ಜಿ?"

ಮೂವತ್ತೊಂದು ವರ್ಷಗಳಲ್ಲಿ ಯಾವ ಪರೀಕ್ಷಕರೂ ನೀಲಾಂಬಿಕೆಯವರನ್ನು ಹೀಗೆ ನಿಲ್ಲಿಸಿ ಕೇಳಿರಲಿಲ್ಲ. ನಾಡಿಯ ಮಿತಿಯನ್ನು ತುಸು ಏರಿಸಿದರೆ ಸರಿಹೋದೀತೆಂದು ಸಹಾಯಕರು ಸೂಚಿಸಿದರು. ಅವರು ಬೇಡವೆಂದು ತಲೆಯಲ್ಲಾಡಿಸಿದರು. ತಪ್ಪು ಮಿತಿಯಲ್ಲಿರಲಿಲ್ಲ, ಏರಿದ ನಾಡಿಯನ್ನೆಲ್ಲ ತಪ್ಪಿಸಬೇಕಾದ ನೋವೆಂದು ತಾವು ಎಣಿಸಿದ್ದರಲ್ಲಿತ್ತು. ಅವರು ಮುದ್ರಿತ ಪ್ರತಿಯನ್ನು ತರಿಸಿಕೊಂಡು, ಮೈಕಿನ ಮುಂದೆ ಕುರ್ಚಿ ಎಳೆದು ಕೂತು, "ನಾ ಓದತೀನಿ. ಒಂದಕ್ಷರ ಬಿಡಂಗಿಲ್ಲ" ಎಂದರು.

ಕರಿಯ ಕೊನೆಯ ಸಲ ನೀರಗಾಡಿ ಎಳೆದು ಬಾವಿಕಟ್ಟೆಯ ಬಳಿ ಮಂಡಿಯೂರಿದಾಗ ಗೋಡೆಯ ಪರದೆಯಲ್ಲಿ ತನುಜಾಳ ನಾಡಿ ತೊಂಬತ್ತೆಂಟರಿಂದ ನೂರ ಮೂವತ್ತಕ್ಕೆ ನೆಗೆಯಿತು. ವೈದ್ಯರು ಸಾಕೆಂಬಂತೆ ಕೈಯೆತ್ತಿದರು. ನೀಲಾಂಬಿಕೆ ಓದು ನಿಲ್ಲಿಸಲಿಲ್ಲ. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಪುಟ ಮುಗಿಯಿತು. ಯಾರೂ ಸಮಾಧಾನದ ಮಾತಾಡಲಿಲ್ಲ. ಆರು ನಿಮಿಷಗಳ ಮೇಲೆ ಪರದೆ ಎಂಬತ್ತೆಂಟನ್ನು ತೋರಿಸಿತು. ಆ ವಾರದಲ್ಲಿ ಅವಳ ನಾಡಿ ಅಷ್ಟು ಕೆಳಗಿಳಿದದ್ದು ಅದೇ ಮೊದಲು.

ಮೂಗೊರೆಸಿಕೊಂಡ ತನುಜಾ ವೈದ್ಯರ ಕಡೆ ತಿರುಗಿ, ಈಗ ನನ್ನದು ಹೇಳಿರಿ ಎಂದಳು. ಅವರು ಹೇಳಿದರು: ಬಾಯಿ ಹುಣ್ಣಾಗುತ್ತದೆ, ಕೂದಲು ಉದುರುತ್ತದೆ, ಮೂರು ವಾರ ಅನ್ನ ಸೇರದು, ಹತ್ತು ಮಕ್ಕಳಲ್ಲಿ ಎಂಟು ಮಕ್ಕಳು ಗುಣವಾಗಿ ಮನೆಗೆ ಹೋಗುತ್ತಾರೆ. ಅವಳು ಬೆರಳು ಮಡಿಸಿ ಎಂಟರವರೆಗೆ ಎಣಿಸಿದಳು, ಉಳಿದ ಎರಡನ್ನು ಕ್ಷಣಕಾಲ ನೋಡಿದಳು. ಆಮೇಲೆ ಗುಳಿಗೆಗಾಗಿ ಕೈ ಚಾಚಿದಳು.

ಹೊತ್ತಿಗೆಗೆ ಕೊಟ್ಟ ಅಧಿಕಾರವನ್ನು ನೀಲಾಂಬಿಕೆ ಅಲ್ಲೇ, ಆಗಲೇ ಅಳಿಸಿಹಾಕಿದರು. ಇನ್ನು ಮೇಲೆ ಅದು ನಿಧಾನಿಸಬಹುದು, ನಿಂತು ಕಾಯಬಹುದು. ಒಂದು ಮಾತನ್ನೂ ಬದಲಿಸಕೂಡದು. ನಿಜ ಹೇಳಬೇಕೆಂದರೆ ಯಂತ್ರ ಆ ಚಾಳಿಯನ್ನು ತಾನಾಗಿ ಕಲಿತಿರಲಿಲ್ಲ. ಮಗುವಿನ ಮಂಚದ ಪಕ್ಕ ಕುಳಿತು, ಕಷ್ಟದ ಪುಟ ಬಂದೊಡನೆ ಎರಡು ಹಾಳೆಗಳನ್ನು ಒಟ್ಟಿಗೆ ತಿರುವಿಬಿಡುವ ನಮ್ಮ ನಿಮ್ಮ ಕಾಲದ ಬೆರಳುಗಳೇ ಅದನ್ನು ಕಲಿಸಿದ್ದವು.

ನೀಲಾಂಬಿಕೆ ಪುಸ್ತಕ ಮುಚ್ಚಿ ಏಳಲಿದ್ದರು. ಮೈಕು ಕಿರುಗುಟ್ಟಿತು.

"ಅಜ್ಜಿ, ಹೋಗಬ್ಯಾಡ್ರಿ," ಎಂದಳು ತನುಜಾ. "ಕರಿಯಾ ಸತ್ತದ್ದು ಇನ್ನೊಮ್ಮೆ ಓದ್ರಿ. ಈ ಸಲ ಸಾವಕಾಶ."