ಸೀಟಿನಡಿಯ ಸೀಸ

"ಕೈ ತೆಗೀರಿ ನನ್ನ ಕಾರಿಂದ."

ಬೆಳಗಿನ ಏಳು ಗಂಟೆ. ಗ್ಯಾರೇಜಿಗೆ ಇನ್ನೂ ಯಾರೂ ಬಂದಿರಲಿಲ್ಲ. ಅವಳ ಒಂಟಿ ಸೀಟಿನ ರೇಸ್ ಕಾರಿನೊಳಗೆ ಭುಜದವರೆಗೆ ಕೈ ಇಳಿಸಿದ್ದ ಮೆಕ್ಯಾನಿಕ್ ಬೆಚ್ಚಿಬಿದ್ದ. ಅವನು ತಂಡ ಸೇರಿ ಮೂರು ತಿಂಗಳಾಗಿತ್ತು. ಕೆಲಸದ ಮಾತು ಬಿಟ್ಟರೆ ಅವಳು ಅವನಿಗೆ ಹೇಳಿದ ಮೊದಲ ಮಾತು ಇದೇ.

"ಬೋಲ್ಟ್ ನೋಡ್ತಿದ್ದೆ," ಎಂದ.

ಸುಳ್ಳು! ಪಾಪ, ಸುಳ್ಳು ಹೇಳಲು ಬಾರದವರ ಕಿವಿ ಮೊದಲು ಕೆಂಪಾಗುತ್ತದೆ.

ಈ ಆಟದಲ್ಲಿ ಕಾರು ಮತ್ತು ಚಾಲಕರ ಒಟ್ಟು ತೂಕ ಇಂತಿಷ್ಟಕ್ಕಿಂತ ಕಡಿಮೆ ಇರುವಂತಿಲ್ಲ. ಅವಳಂಥ ಸಣಕಲಿಯರಿಗೆ ಸೀಟಿನಡಿ ಒಂದೊಂದು ಕಿಲೋದ ಸೀಸದ ತುಂಡುಗಳನ್ನು ಬಿಗಿದು ಕೊರತೆ ತುಂಬುತ್ತಾರೆ. ಅವಳಿಗೆ ವರ್ಷದ ಶುರುವಿನಲ್ಲಿ ಹಾಕಿದ್ದು ಆರು. ಅವನು ಆಚೆ ಹೋದ ಮೇಲೆ ಬಗ್ಗಿ ಎಣಿಸಿದಳು.

ಎಂಟು!

ಎರಡು ಕಿಲೋ ಹೆಚ್ಚು ಹೊತ್ತರೆ ಪ್ರತಿ ಸುತ್ತಿನಲ್ಲೂ ಕಣ್ಣು ಮಿಟುಕಿಸುವಷ್ಟು ಹೊತ್ತು ನಷ್ಟ. ಸೋಲಲು ಅಷ್ಟು ಸಾಕು. ತಂಡದ ಇನ್ನೊಂದು ಕಾರನ್ನು ಓಡಿಸುವವನು ಯಜಮಾನರ ಸ್ವಂತ ಅಕ್ಕನ ಮಗ. ಮುಂದಿನ ವರ್ಷ ತಂಡಕ್ಕೆ ಒಂದೇ ಕಾರು. ಇಬ್ಬರ ಅಂಕವೂ ಸಮ. ನಾಳೆಯ ಕೊನೆಯ ರೇಸಿನಲ್ಲಿ ಯಾರು ಮುಂದೆ ಬರುತ್ತಾರೋ ಸೀಟು ಅವರದು.

'ಅದಕ್ಕೇನಾ ಈ ಮೆಕ್ಯಾನಿಕ್‌ಗೆ ಆ ಅಕ್ಕನ ಮಗನ ಜೊತೆ ಅಷ್ಟು ನಗು? ನಾನು ಹತ್ತಿರ ಬಂದರೆ ಕೈಲಿರೋ ಲೆಕ್ಕದ ಪುಸ್ತಕ ಮುಚ್ಚೋದು...'

ಮೂರು ತಿಂಗಳಿಂದ ಅವಳು ಅವನ ಮೇಲೆ ಒಂದು ಕಣ್ಣಿಟ್ಟಿದ್ದಳು. ಅವನು ಯಾವ ಕೈಯಲ್ಲಿ ಸ್ಪ್ಯಾನರ್ ಹಿಡಿಯುತ್ತಾನೆ, ಯೋಚಿಸುವಾಗ ಕೆಳತುಟಿ ಹೇಗೆ ಕಚ್ಚುತ್ತಾನೆ, ಎಲ್ಲವೂ ಅವಳಿಗೆ ಬಾಯಿಪಾಠ. ಅನುಮಾನ ಪಡಲು ಇಷ್ಟೆಲ್ಲ ಬೇಕಿರಲಿಲ್ಲ ಎಂಬುದು ಬೇರೆ ಮಾತು.

ಅಮ್ಮನ ಫೋನು ಬಂತು. ತಿಂಡಿ ಆಯಿತೇ ಎಂದು ಕೇಳಿದರು. ಆಯಿತು ಎಂದಳು. ಸೀಟಿನ ಚಿಂತೆಯಲ್ಲಿ ವಾರಗಳಿಂದ ಅವಳ ಗಂಟಲಲ್ಲಿ ಒಂದು ತುತ್ತೂ ನೆಟ್ಟಗೆ ಇಳಿಯುತ್ತಿರಲಿಲ್ಲ.

ಫೋನಿಟ್ಟವಳೇ ಎರಡು ತುಂಡುಗಳನ್ನು ಬಿಚ್ಚಿ ತನ್ನ ಚೀಲಕ್ಕೆ ಹಾಕಿಕೊಂಡಳು.

ಅಂದು, ನಾಳೆ ಯಾರು ಮುಂದೆ, ಯಾರು ಹಿಂದೆ ನಿಂತು ಹೊರಡಬೇಕೆಂದು ನಿರ್ಧರಿಸುವ ಓಟ. ಇಪ್ಪತ್ತೆರಡು ಕಾರುಗಳಲ್ಲಿ ಅವಳದೇ ಅತಿ ವೇಗ! ಆದರೆ ಮುಗಿದ ಮೇಲೆ ಅವಳನ್ನು ಕಾರಿನ ಸಮೇತ ತಕ್ಕಡಿಗೆ ಹತ್ತಿಸಿದ ಅಧಿಕಾರಿ ತಲೆಯಾಡಿಸಿದ. ಎರಡು ಕಿಲೋ ಕಡಿಮೆ. ಸಮಯ ರದ್ದು. ನಾಳೆ ಎಲ್ಲರಿಗಿಂತ ಕೊನೆಯಲ್ಲಿ ನಿಲ್ಲಬೇಕು.

ಯಜಮಾನರು ಕೆಂಡಾಮಂಡಲವಾದರು. ಅವಳು ಬಾಯಿ ತೆರೆಯುವ ಮೊದಲೇ ಮೆಕ್ಯಾನಿಕ್ ಮುಂದೆ ಬಂದ.

"ತಪ್ಪು ನಂದು ಸರ್. ಎರಡು ತುಂಡು ಬಿಗಿಯೋದು ಮರ್ತುಬಿಟ್ಟೆ."

ಸಾಮಾನು ಕಟ್ಟಿಕೊಂಡು ಹೊರಡು ಎಂದರು ಯಜಮಾನರು.

'ಇವನು ಯಾಕೆ ತನ್ನ ಮೇಲೆ ಹಾಕ್ಕೊಂಡ? ಇದರಲ್ಲೂ ಏನೋ ಇದೆ.' ಅವಳು ಅವನ ಬೆನ್ನು ಹತ್ತಿದಳು. ಅವನು ಸ್ಪ್ಯಾನರುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಪಕ್ಕದಲ್ಲಿದ್ದ ಪುಸ್ತಕವನ್ನು ಕೇಳದೆಯೇ ತೆರೆದಳು. ಪ್ರತಿ ಶುಕ್ರವಾರ ಅವಳನ್ನು ಕೂರಿಸಿ ಕಾರು ತೂಗುತ್ತಿದ್ದನಲ್ಲ, ಅದರ ಲೆಕ್ಕದಿಂದ ಅವಳ ತೂಕವೊಂದನ್ನೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ. ಐವತ್ತೆರಡು, ಐವತ್ತೊಂದೂವರೆ, ಐವತ್ತೊಂದು, ಐವತ್ತು.

ಆಗಲೂ ನಂಬಿಕೆ ಬರಲಿಲ್ಲ. ಮೂಲೆಯ ತಕ್ಕಡಿ ಹತ್ತಿ ನಿಂತಳು.

ಐವತ್ತು.

"ಯಜಮಾನ್ರಿಗೆ ಗೊತ್ತಾದ್ರೆ ಮೈ ಸರಿಯಿಲ್ಲ ಅಂತ ನಿಮ್ಮನ್ನ ಇಳಿಸಿಬಿಡ್ತಿದ್ರು," ಎಂದ ಅವನು. "ಅದಕ್ಕೆ ನಿಮ್ಮ ತೂಕ ಇಳಿದಷ್ಟೂ ಸೀಸ ಸದ್ದಿಲ್ದೆ ಸೇರಿಸ್ತಿದ್ದೆ."

"ನಂಗಾದ್ರೂ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು. ನನ್ನ ಕಂಡ್ರೆ ಮುಖ ಗಂಟಿಕ್ಕೊಳ್ತಿದ್ರಿ... ಧೈರ್ಯ ಬರ್ಲಿಲ್ಲ."

ಅವಳಿಗೆ ನಾಚಿಕೆಯಾಯಿತು. ನಿಜ ಹೇಳಿದರೆ ನಾಳೆ ಕಾರು ಮುಟ್ಟಲೂ ಬಿಡದಿರಬಹುದು. ಹೇಳದಿದ್ದರೆ ಇವನು ಹೋಗುತ್ತಾನೆ. ಚೀಲ ಎತ್ತಿಕೊಂಡು ನೇರ ಯಜಮಾನರ ಕೋಣೆಗೆ ಹೋಗಿ ಎರಡೂ ತುಂಡುಗಳನ್ನು ಮೇಜಿನ ಮೇಲಿಟ್ಟಳು.

"ತೆಗ್ದಿದ್ದು ನಾನು. ನನ್ನ ತೂಕ ಎರಡು ಕಿಲೋ ಇಳಿದಿದೆ, ಅದಕ್ಕೇ ಅವರು ಸೇರಿಸಿದ್ರು. ಅವರನ್ನ ಕಳಿಸ್ಬೇಡಿ."

ಯಜಮಾನರು ತುಂಡುಗಳನ್ನು ಕೈಗೆತ್ತಿಕೊಂಡು ತೂಗಿ ನೋಡಿದರು. ಕೊನೆಗೆ, ಅವನು ಇರಲಿ, ಡಾಕ್ಟರು ಒಪ್ಪಿದರೆ ನೀನೂ ಓಡಿಸು, ಮುಂದೆ ಬಂದವರಿಗೇ ಸೀಟು ಎಂಬ ಮಾತು ಮಾತ್ರ ಬದಲಾಗದು ಎಂದರು.

ಡಾಕ್ಟರು ಗದರಿದರೂ ಒಪ್ಪಿದರು. ಮರುದಿನ ಇಪ್ಪತ್ತೆರಡನೆಯವಳಾಗಿ ಹೊರಟವಳು ಒಬ್ಬೊಬ್ಬರನ್ನೇ ದಾಟಿ ಐದನೆಯವಳಾಗಿ ಬಂದಳು. ಯಜಮಾನರ ಅಕ್ಕನ ಮಗ ನಾಲ್ಕನೆಯವನು. ಒಂದು ಕಾರಿನುದ್ದದ ಅಂತರದಲ್ಲಿ ಸೀಟು ಹೋಯಿತು.

ತಂಡದ ಲಾರಿಯ ಹಿಂದೆ ಕೂತು ಮನಸಾರೆ ಅತ್ತಳು. ಅವನು ಬಂದು ಸ್ವಲ್ಪ ದೂರದಲ್ಲಿ ಕೂತ. ತನ್ನ ಊಟದ ಡಬ್ಬಿಯನ್ನು ಅವಳತ್ತ ಸರಿಸಿದ. ಎಷ್ಟೋ ವಾರಗಳ ಮೇಲೆ ಅವಳಿಗೆ ಹಸಿವಾಗಿತ್ತು. ಡಬ್ಬಿ ಖಾಲಿಯಾದ ಮೇಲೆಯೇ ಅವನದೂ ಊಟವಾಗಿಲ್ಲವೆಂದು ಹೊಳೆದದ್ದು.

"ಮೂರು ತಿಂಗಳಿಂದ ನಿಮ್ಮನ್ನೇ ನೋಡ್ತಿದ್ದೆ," ಎಂದಳು. "ಕಳ್ಳನ್ನ ಹಿಡೀಬೇಕು ಅಂತ."

"ಗೊತ್ತು. ಬೇರೆ ತಂಡದವರು ಎರಡು ಸಲ ಕರೆದ್ರು. ಹೋಗೋಕೆ ಮನಸ್ಸಾಗ್ಲಿಲ್ಲ."

"ಯಾಕೆ?"

"ನೀವು ನೋಡ್ತಿದ್ರಲ್ಲ... ಅದಕ್ಕೆ."

ಅವನ ಕಿವಿ ಕೆಂಪಾಗಲಿಲ್ಲ. ಅವಳದೇ ಕೆನ್ನೆ ಬಿಸಿಯಾಯಿತು.

"ನಂಗೂ ನೀವಂದ್ರೆ ಇಷ್ಟ," ಎಂದಳು ತಲೆ ತಗ್ಗಿಸಿ. "ಆದ್ರೆ ಇನ್ನು ಇಲ್ಲಿ ನಂಗೆ ಕಾರಿಲ್ಲ. ನಿಮ್ಮನ್ನ ನೋಡೋಕೆ ನೆಪವೂ ಇಲ್ಲ."

"ನೆಪ ಇಲ್ದೆ ನೋಡಿ."

ಅವಳು ತಲೆಯೆತ್ತಿ ನೋಡಿದಳು.