ಮರಿಸೆಲಾ ಬರೆದ ಸುಳ್ಳು ಬಿ.ಪಿ.

"ಅಲುಗಾಡ್ಬೇಡಿ ಪ್ಲೀಸ್! ಮಾತೂ ಆಡ್ಬೇಡಿ."

"ಉಸಿರಾದ್ರೂ ಆಡ್ಲಾ, ನರ್ಸಮ್ಮ?"

ಮರಿಸೆಲಾಗೆ ನಗು ಬಂತು, ಆದರೂ ತಡೆದುಕೊಂಡಳು. ಕಾಲೇಜಿನ ಫಿಸಿಯಾಲಜಿ ಲ್ಯಾಬಿನಲ್ಲಿ ಬೆಟೆನ್‌ಕೋರ್ಟ್ ಮೇಡಂ ಅಂದು ಅವಳ ಜೊತೆಗೆ ಹಾಕಿದ್ದು ಈ ಎಫ್ರಾಯಿನ್‌ನನ್ನು. ಕಿತ್ತಳೆ ಲಾರಿ ಓಡಿಸುವವನು, ಅವಳ ಹಾಗೆಯೇ ನರ್ಸಿಂಗ್ ಸೇರುವ ಆಸೆಯವನು. ಅವನ ಅಂಗಿಯಿಂದ ಕಿತ್ತಳೆ ಸಿಪ್ಪೆಯ ವಾಸನೆ ಬರುತ್ತಿತ್ತು. ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ, ಸ್ಟೆತಸ್ಕೋಪ್ ಇಟ್ಟು, ಗಾಳಿ ತುಂಬಿ ಮೆಲ್ಲಗೆ ಇಳಿಸಿದಳು.

ಮೊದಲ ಬಡಿತ ಕೇಳಿದಾಗ ಮುಳ್ಳು ಎಲ್ಲಿದೆ ಎಂದು ನೋಡಿದಳು.

ನೂರ ಎಂಬತ್ತೆಂಟು. ಕೆಳಗಿನದು ನೂರ ಹನ್ನೆರಡು!

"ಯಾಕ್ರೀ? ಸತ್ತು ಹೋಗಿದ್ದೀನಾ ನಾನು?"

"ಜಾಸ್ತಿ ಇದೆ... ತುಂಬಾನೇ ಜಾಸ್ತಿ."

"ಅಯ್ಯೋ, ಈ ನೀಲಿ ಪಟ್ಟಿ ಮಹಾ ಸುಳ್ಳುಗಾರ ಅಂತ ಹೋದ ವರ್ಷದವರೂ ಹೇಳ್ತಿದ್ರು. ಒಳ್ಳೇದೊಂದು ನಂಬರ್ ಬರೆದು ಮುಗಿಸಿ."

ವಿಪರೀತ ಸಂಖ್ಯೆ ಬಂದರೆ ಮೇಡಂ ಎದುರಿಗೆ ಮತ್ತೆ ಮೂರು ಸಲ ಅಳೆಯಬೇಕಿತ್ತು. ಆಗಲೇ ಗಂಟೆ ಎರಡೂ ನಲವತ್ತು. ಮೂರಕ್ಕೆ ಮಗಳು ಸಿಟ್ಲಾಲಿಯ ಶಾಲೆ ಬಿಡುತ್ತದೆ. ಬೆಳಗಿನ ಆರರಿಂದ ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ, ತೊಳೆದು, ಉಣ್ಣಿಸಿ ಬಂದ ಕೈ ಅದು. ಕೆಲಸ ಮೈಮೇಲೆ ಬಿದ್ದ ದಿನ ಅಲ್ಲಿಯ ಕೆಲಸದವರು ಗುಟ್ಟಾಗಿ ಮಾಡುವುದನ್ನೇ ಆ ಕೈ ತಾನಾಗಿ ಮಾಡಿಬಿಟ್ಟಿತು.

118/76.

ಕಾಗದದ ಮೇಲೆ ಎಷ್ಟು ಅಚ್ಚುಕಟ್ಟಾಗಿ ಕಂಡಿತು ಆ ಸುಳ್ಳು!

ಅಂದಿನಿಂದ ಅವನು ಅವಳಿಗಾಗಿ ಪಕ್ಕದ ಕುರ್ಚಿ ಹಿಡಿದಿಡತೊಡಗಿದ. ತರಗತಿ ಮುಗಿಸಿ ಅವಳು ಓಡಿ ಬರುವಷ್ಟರಲ್ಲಿ ಅವಳ ಕಾರಿನ ಗಾಜು ಒರೆಸಿರುತ್ತಿತ್ತು. ಯಾರು ಒರೆಸಿದ್ದೆಂದು ಅವನು ಹೇಳುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ.

ಮನೆಯಲ್ಲಿ ಅಮ್ಮ ಅಂಪಾರೊ ಬುತ್ತಿಗೆ ಎರಡು ಬುರಿಟೊ ರೊಟ್ಟಿ ಸುತ್ತತೊಡಗಿದಳು.

"ಎರಡ್ಯಾಕಮ್ಮ?"

"ಆ ಲಾರಿಯವನಿಗೊಂದು. ಸುಮ್ನೆ ಹಾಕಿದೀನಿ, ಅದಕ್ಕೇನೂ ಅರ್ಥ ಕಟ್ಬೇಡ!"

"ನಾನೆಲ್ಲಿ ಕಟ್ಟಿದೆ?"

"ಮುಖ ನೋಡ್ಕೋ ಹೋಗು ಕನ್ನಡೀಲಿ."

ಗಂಡ ಬಿಟ್ಟುಹೋಗಿ ಐದು ವರ್ಷವಾದ ಮೇಲೆ ಆ ಮುಖಕ್ಕೆ ಮತ್ತೆ ಬಣ್ಣ ಬಂದಿತ್ತು. ಆದರೆ ಎಫ್ರಾಯಿನ್ ಮಾತಿನ ನಡುವೆ ಕಣ್ಣು ಮುಚ್ಚಿ ಕತ್ತಿನ ಹಿಂಭಾಗ ಉಜ್ಜಿಕೊಳ್ಳುತ್ತಿದ್ದ. ನವೆಂಬರಿನಲ್ಲಿ ರಕ್ತದೊತ್ತಡದ ಅಧ್ಯಾಯ ಬಂತು. ಬೆಳಗಿನ ತಲೆನೋವು, ಮಂಜಾಗುವ ಕಣ್ಣು, ಮೂಗಿನಲ್ಲಿ ರಕ್ತ... ಓದುತ್ತ ಓದುತ್ತ ಅವಳ ಬೆರಳು ಆ ಸಾಲಿನ ಮೇಲೆಯೇ ನಿಂತಿತು.

*ಪಟ್ಟಿ ಸುಳ್ಳು ಹೇಳಿರಲಿಲ್ಲ. ನಾನು ಹೇಳಿದೆ.*

"ಎಫ್ರಾಯಿನ್, ನಾಳೆನೇ ಡಾಕ್ಟರ್ ಹತ್ರ ಹೋಗೋಣ."

"ಜನವರೀಲಿ ಲೈಸೆನ್ಸಿಗೆ ಮೆಡಿಕಲ್ ಪರೀಕ್ಷೆ ಇದೆ. ಈಗ ಆಸ್ಪತ್ರೇಲಿ ಬಿ.ಪಿ. ಹೆಚ್ಚಿದೆ ಅಂತ ಬರೆದ್ರೆ ಲಾರಿ ಹೋಯ್ತು. ಲಾರಿ ಹೋದ್ರೆ ಕಾಲೇಜೂ ಹೋಯ್ತು."

"ಜೀವ ಹೋದ್ರೆ?"

ಅವನ ಮುಖ ಬಿಗಿಯಿತು. "ಸರಿ ಇದೆ ಅಂತ ಬರೆದವಳು ನೀನೇ ಅಲ್ವಾ!"

ಆ ಮಾತು ಎದೆಗೇ ನಾಟಿತು. ಮರುದಿನ ಅವನು ಬೇರೆ ಮೇಜಿಗೆ ಹೋಗಿ ಕೂತ. *ನನ್ನ ಮುಖ ಕಂಡರೆ ಆಗುತ್ತಿಲ್ಲ ಇವನಿಗೆ...* ಎಂದುಕೊಂಡಳು. ಪಾಪ, ಅವನಿಗಿದ್ದದ್ದು ಕೋಪವಲ್ಲ, ಹೆದರಿಕೆ. ಅವಳ ಕಣ್ಣಿನಲ್ಲಿ ತನ್ನ ಸಾವು ಕಾಣುತ್ತದೆಂಬ ಹೆದರಿಕೆ.

ಡಿಸೆಂಬರಿನಲ್ಲಿ ಕಣಿವೆಗೆ ಮಂಜು ಇಳಿಯಿತು. ಅವರ ಲಿಂಡ್ಸೆ ಊರಿನ ಕಿತ್ತಳೆ ತೋಟಗಳು, ರಸ್ತೆ, ಕಂಬಗಳು ಎಲ್ಲವನ್ನೂ ನುಂಗಿ ಕೂತಿತು. ಕಾರಿನ ಮೂತಿಯ ಆಚೆಗೆ ಏನೂ ಇರಲಿಲ್ಲ. ವಾರದಲ್ಲಿ ಎರಡು ಅಪಘಾತಗಳಾದವು. ಎಲ್ಲೋ ಸೈರನ್ ಕೂಗಿದಾಗಲೆಲ್ಲ ಮರಿಸೆಲಾ ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಓಡುತ್ತಿದ್ದಳು.

ಕೊನೆಯ ಪರೀಕ್ಷೆಯ ಹಿಂದಿನ ದಿನ ಅವಳು ಬೆಟೆನ್‌ಕೋರ್ಟ್ ಮೇಡಂ ಎದುರು ನಿಂತಳು.

"ಮೇಡಂ, ಆವತ್ತು ಎಫ್ರಾಯಿನ್ ಬಿ.ಪಿ. ಅಳೆದಾಗ ನಾನು ಸುಳ್ಳು ನಂಬರ್ ಬರೆದೆ."

ಮೇಡಂ ಕನ್ನಡಕ ತೆಗೆದರು. "ಇದಕ್ಕೆ ಸೊನ್ನೆ ಕೊಡ್ಬೇಕಾಗುತ್ತೆ, ಗೊತ್ತಾ? ನೀನು ಈ ವಿಷಯ ಎರಡನೇ ಸಲ ತಗೊಂಡಿರೋದು. ನಾಳೆ ತುಂಬಾ ಚೆನ್ನಾಗಿ ಬರೀದಿದ್ರೆ ನರ್ಸಿಂಗ್ ಬಾಗಿಲೇ ಮುಚ್ಚುತ್ತೆ."

"ಕೊಡಿ. ಆದ್ರೆ ಅವನಿಗೆ ನೀವು ಹೇಳಿ. ನನ್ನ ಮಾತು ಕೇಳ್ತಿಲ್ಲ."

ಮೇಡಂ ಸೊನ್ನೆ ಬರೆದರು. ಆಮೇಲೆ ಮೇಜಿನ ಮೇಲಿದ್ದ ತಮ್ಮ ಬಿಸಿ ಚಹಾವನ್ನು ಅವಳತ್ತ ಸರಿಸಿ, ಅವನಿಗೆ ಫೋನ್ ಮಾಡಿದರು. ಮೂರು ಸಲ ಮಾಡಿದರೂ ಅವನು ಎತ್ತಲಿಲ್ಲ.

ಮರುದಿನ ಹತ್ತಕ್ಕೆ ಪರೀಕ್ಷೆ. ಎಂಟಕ್ಕೇ ಹೊರಟಳು. ಕಾಲೇಜಿನ ತಿರುವು ಬಂತು... ಅವಳ ಕೈ ತಿರುಗಲೇ ಇಲ್ಲ. ಕಾರು ನೇರವಾಗಿ ಅವನು ಕಿತ್ತಳೆ ತುಂಬಿಸಿಕೊಳ್ಳುವ ಪ್ಯಾಕಿಂಗ್ ಶೆಡ್ಡಿನತ್ತ ಹೋಯಿತು. ಅಡ್ಡರಸ್ತೆ ಬಂದಲ್ಲೆಲ್ಲ ಕಿಟಕಿ ಇಳಿಸಿ, ಬರುವ ಗಾಡಿಯ ಸದ್ದಿಗೆ ಕಿವಿಗೊಟ್ಟು, ಉಸಿರು ಹಿಡಿದು ದಾಟಿದಳು.

ಶೆಡ್ಡಿನ ಮುಂದೆ ಅವನ ಲಾರಿ ಗುರುಗುಟ್ಟುತ್ತಿತ್ತು. ಅವನು ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದ.

"ಎಫ್ರಾಯಿನ್! ಹತ್ತಬೇಡ!"

"ನೀನಾ? ಇವತ್ತು ಪರೀಕ್ಷೆ ಅಲ್ವೇನೇ?"

"ಮೇಡಂಗೆ ಎಲ್ಲಾ ಹೇಳ್ಬಿಟ್ಟೆ. ನಾನು ಬರೆದದ್ದು ಸುಳ್ಳು ಅಂತ. ಸೊನ್ನೆ ಹಾಕಿದ್ರು."

"ಹುಚ್ಚೀನಾ ನೀನು? ಸೀಟು ಹೋಗುತ್ತೆ!"

"ಹೋಗ್ಲಿ! ಇನ್ನೊಂದು ಸುಳ್ಳು ನನ್ನಿಂದ ಆಗಲ್ಲ. ನೀನು ಇಷ್ಟ ಇಲ್ಲ ಅಂತಲೂ ಹೇಳಕ್ಕಾಗಲ್ಲ, ನೀನು ಚೆನ್ನಾಗಿದ್ದೀಯ ಅಂತಲೂ ಹೇಳಕ್ಕಾಗಲ್ಲ..."

ಅವನು ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ.

"ಮರಿಸೆಲಾ... ನೀನು ಯಾಕೆ ಇಬ್ಬರಾಗಿ ಕಾಣ್ತಿದ್ದೀಯ?"

ಅವನ ಕೈಯಿಂದ ಕೀಲಿಗೊಂಚಲು ಜಾರಿತು. ಅವಳು ಓಡಿ ಬಂದು ಅವನ ಭಾರಕ್ಕೆ ಭುಜ ಕೊಟ್ಟಳು. ವೃದ್ಧಾಶ್ರಮದಲ್ಲಿ ದಿನವೂ ಮಾಡುವ ಹಾಗೆ ಅವನನ್ನು ಮೆಲ್ಲಗೆ ನೆಲಕ್ಕೆ ಕೂರಿಸಿದಳು.

"ಯಾರಾದ್ರೂ ಆಂಬುಲೆನ್ಸಿಗೆ ಫೋನ್ ಮಾಡಿ! ಬೇಗ!"

ಮಂಜಿನಲ್ಲಿ ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವನ ತಲೆ ಅವಳ ಎದೆಗೆ ಒರಗಿತ್ತು, ಎಚ್ಚರ ತಪ್ಪದಿರಲೆಂದು ಅವಳು ಅವನ ಕೈಲಿ ತನ್ನ ಹೆಸರು ಹೇಳಿಸುತ್ತಲೇ ಇದ್ದಳು.

ಮಧ್ಯಾಹ್ನ ಡಾಕ್ಟರ್ ಹೊರಗೆ ಬಂದರು. "ಬಿ.ಪಿ. ವಿಪರೀತ ಏರಿ ಹೀಗಾಗಿದೆ. ದಾರಿ ಮಧ್ಯೆ ಆಗಿದ್ರೆ ಇವರೂ ಉಳೀತಿರ್ಲಿಲ್ಲ, ಎದುರಿಗೆ ಬಂದವರೂ ಉಳೀತಿರ್ಲಿಲ್ಲ. ಈಗ ಔಷಧಿ ಹಿಡೀತಿದೆ. ಹೋಗಿ, ನೋಡಿ."

ಅವನು ಬಾಗಿಲನ್ನೇ ನೋಡುತ್ತ ಮಲಗಿದ್ದ.

"ಪರೀಕ್ಷೆ?"

"ಮುಗ್ದೋಯ್ತು. ಮೂರನೇ ಸಲಕ್ಕೆ ಅರ್ಜಿ ಹಾಕ್ಬೇಕು. ಕೊಟ್ರೆ ಕೊಟ್ರು, ಇಲ್ಲಾಂದ್ರೆ ಇಲ್ಲ."

"ನನ್ನಿಂದ..."

"ನನ್ನಿಂದ್ಲೂ."

ಅವನು ಮುಖ ಆಚೆ ತಿರುಗಿಸಿದ. "ನಾನಿನ್ನು ಲಾರಿ ಹತ್ತೋ ಹಾಗಿಲ್ಲ ಕಣೇ. ಕೆಲಸ ಇಲ್ಲ, ಮೈಯೂ ನೆಟ್ಟಗಿಲ್ಲ. ಇಂಥವನನ್ನ ಕಟ್ಕೊಂಡು ಏನು ಮಾಡ್ತೀಯ? ಯೋಚ್ನೆ ಮಾಡು."

"ಮಾಡಿದೆ."

"ಏನಂತ?"

ಮರಿಸೆಲಾ ಅವನ ಕೈಯನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಳು.

"ನನ್ನ ಕಣ್ಣೆದುರಿಗೆ ಮುದುಕನಾಗು. ಅಷ್ಟು ಮಾಡಿದ್ರೆ ಸಾಕು."

"ಅದು ತುಂಬಾ ವರ್ಷದ ಕೆಲಸ ಕಣೇ..."

"ಗೊತ್ತು," ಎಂದಳು ಅವಳು. "ಶುರು ಮಾಡು."