ಐದನೇ ವಾರ್ಡಿನ ಮೂಲೆ

ಮಾರ್ಚ್ ನಾಲ್ಕರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ವಯಸ್ಸಾದ ಹೆಂಗಸೊಬ್ಬರು ಠಾಣೆಗೆ ಬಂದು, ದಫೇದಾರನ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟರು. ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿ ನಿವೃತ್ತರಾದ ಅವರನ್ನು ಎಲ್ಲರೂ ಟೀಚರಮ್ಮ ಅಂತಲೇ ಕರೆಯುವುದು. ದಫೇದಾರನೂ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನೇ. ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವ ಆ ಹೆಡ್ ಕಾನ್‌ಸ್ಟೆಬಲ್ಲು, ಬೆಂಚು ಬಿಟ್ಟು ಎದ್ದ ಹುಡುಗನ ಹಾಗೆ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ.

"ಏನು ಟೀಚರಮ್ಮ, ನಮಗೆ ತಿಂಡಿ ತಂದ್ರಾ?"

ಟೀಚರಮ್ಮ ಮುಚ್ಚಳ ತೆಗೆದರು. ಹತ್ತಿಯ ಮೇಲೆ ಒಂದು ಹಲ್ಲಿನ ಸೆಟ್ಟು ಇತ್ತು. ಮೇಲಿನ ಸಾಲು, ಎಡಗಡೆಯ ಒಂದು ಹಲ್ಲಿಗೆ ಚಿನ್ನದ ತಂತಿ ಸುತ್ತಿತ್ತು. ದಫೇದಾರನ ನಗು ಅಲ್ಲಿಗೇ ನಿಂತಿತು. ಆ ತಂತಿಯನ್ನು ಅವನು ಎಷ್ಟೋ ಸಲ ನೋಡಿದ್ದ, ಟೀಚರಮ್ಮನ ಗಂಡ ಮಾತಾಡುವಾಗ.

"ನಮ್ಮ ಯಜಮಾನರದ್ದು," ಎಂದರು ಟೀಚರಮ್ಮ. "ಅವರು ಹೋಗಿ ಏಳು ವರ್ಷ ಆಯ್ತು. ಇದನ್ನ ಆವಾಗಲೇ ಕಸದವರಿಗೆ ಕೊಟ್ಟಾಗಿತ್ತು. ನಿನ್ನೆ ಮಧ್ಯಾಹ್ನ ಮಲಗೆದ್ದು ಬಾಗಿಲು ತೆಗೀತೀನಿ, ಹೊಸ್ತಿಲ ಮೇಲಿದೆ. ತೊಳೆದು, ಒರೆಸಿ, ಮನೆ ಕಡೆ ಮುಖ ಮಾಡಿ ಇಟ್ಟಿದ್ದಾರೆ. ರಾತ್ರಿಯಿಂದ ಒಂದು ತುತ್ತು ಗಂಟಲಲ್ಲಿ ಇಳಿದಿಲ್ಲ ಕಣೋ."

ಒಳಗಿನಿಂದ ಇನ್ಸ್‌ಪೆಕ್ಟರ್ ಬಂದು ಡಬ್ಬಿಯೊಳಗೆ ಬಗ್ಗಿ ನೋಡಿದರು. ಈ ಊರಿಗೆ ವರ್ಗವಾಗಿ ಬಂದು ಆರು ತಿಂಗಳಾಗಿದ್ದ ಮನುಷ್ಯ. ಮಾತು ಕಮ್ಮಿ, ಬರೆದುಕೊಳ್ಳುವುದು ಜಾಸ್ತಿ. "ಬೇರೆ ಯಾರ ಮನೆಗಾದರೂ ಹೀಗೆ ಏನಾದರೂ ಬಂದಿದೆಯಾ?"

"ಬಂದಿದ್ರೂ ನಮ್ಮ ಬೀದಿಯವರು ಬಾಯಿ ಬಿಡಲ್ಲ ಸಾರ್. ಮರ್ಯಾದಸ್ಥರು."

ಅತಿಕ್ರಮ ಪ್ರವೇಶ ಮತ್ತು ಬೆದರಿಕೆ ಎಂದು ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

ಐದನೇ ವಾರ್ಡಿನ ಶಾಲೆ ಬೀದಿಯಲ್ಲಿ ಇಪ್ಪತ್ತೆಂಟು ಮನೆ. ಮಧ್ಯಾಹ್ನದೊಳಗೆ ಏಳು ಮನೆಯವರು ಬಾಯಿ ಬಿಟ್ಟರು. ಒಬ್ಬಾಕೆಗೆ ಒಂದು ಕೈ ಮುರಿದ ಗೊಂಬೆ ಬಂದಿತ್ತು. ಮಗಳು ಮದುವೆಯಾಗಿ ಹೋಗಿದ್ದಾಳೆ, ಅವಳು ಕೂಸಾಗಿದ್ದಾಗಿನದು. ಇನ್ನೊಂದು ಮನೆಗೆ ಮುಳ್ಳಿಲ್ಲದ ಗೋಡೆ ಗಡಿಯಾರ. ಮತ್ತೊಬ್ಬ ತನ್ನ ತಂದೆಯ ಕನ್ನಡಕವನ್ನು ಹೆದರಿ ಬಾವಿಗೆ ಹಾಕಿ, ಅವತ್ತಿನಿಂದ ಆ ಬಾವಿಯ ನೀರನ್ನೇ ಕುಡಿಯುತ್ತಿರಲಿಲ್ಲ. ಎಲ್ಲವೂ ಮೂರು ತಿಂಗಳ ಒಳಗೆ ಬಂದದ್ದು. ಬಂದದ್ದೆಲ್ಲ ನಡುಮಧ್ಯಾಹ್ನ, ಬೀದಿ ಊಟ ಮುಗಿಸಿ ಕಣ್ಣು ಮುಚ್ಚಿದ ಹೊತ್ತಿನಲ್ಲಿ. ಒಂದೂ ಕೊಳಕಾಗಿರಲಿಲ್ಲ.

ಒಂಬತ್ತನೇ ನಂಬರಿನ ಬಸ್ ಕಂಡಕ್ಟರ್ ಮಾತ್ರ ಬೇರೆ ರಾಗ ತೆಗೆದ. "ನಮ್ಮದಲ್ಲ ಸಾರ್ ಇದು. ನಮ್ಮನೇಲಿ ಇಂಥದ್ದು ಇರಲೇ ಇಲ್ಲ." ಹಿಡಿ ಕಿತ್ತುಹೋದ ಹಳೆಯ ಇಸ್ತ್ರಿಪೆಟ್ಟಿಗೆ. ವಿಚಾರಿಸಿದರೆ, ನಾಲ್ಕು ವರ್ಷದ ಹಿಂದೆ ಆ ಮನೆಯಲ್ಲಿದ್ದದ್ದು ಒಬ್ಬ ಟೈಲರ್. ಈಗ ಅದೇ ಬೀದಿಯ ಇಪ್ಪತ್ತೊಂದನೇ ನಂಬರಿನಲ್ಲಿದ್ದ. ಪೆಟ್ಟಿಗೆ ತನ್ನದೇ ಎಂದು ಒಪ್ಪಿಕೊಂಡ. ಮುಟ್ಟಲು ಮಾತ್ರ ಒಪ್ಪಲಿಲ್ಲ.

"ಯಾರ ಮನೆ ಸಾಮಾನು ಯಾವುದು ಅಂತ ಇವನ್ನು ತಂದಿಡುವವನಿಗೆ ಗೊತ್ತು," ಎಂದರು ಇನ್ಸ್‌ಪೆಕ್ಟರ್. "ಆದರೆ ನಾಲ್ಕು ವರ್ಷದಿಂದ ಈಚೆಗೆ ಬೀದಿಯಲ್ಲಿ ಏನಾಗಿದೆ ಅಂತ ಗೊತ್ತಿಲ್ಲ."

"ಸತ್ತೋರಿಗೆ ಹೊಸ ಅಡ್ರೆಸ್ಸು ಗೊತ್ತಿರಲ್ಲ ಸಾರ್," ಅಂದ ದಫೇದಾರ. ತಮಾಷೆಗೆ ಅಂದಿದ್ದು. ಅಂದ ಮೇಲೆ ಅವನೇ ಸುತ್ತ ನೋಡಿಕೊಂಡ.

ಜಪ್ತಿ ಪಂಚನಾಮೆಯಲ್ಲಿ ಪ್ರತಿ ವಸ್ತುವಿನ ಮುಂದೆ ಎರಡು ತಾರೀಕು ಬರೆಸಿದರು: ವಾಪಸ್ ಬಂದದ್ದು ಯಾವತ್ತು, ಎಸೆದದ್ದು ಯಾವತ್ತು. ಬರೆದು ಮುಗಿದ ಮೇಲೆ ಇನ್ಸ್‌ಪೆಕ್ಟರ್ ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತ ಕುಳಿತರು. ಮೊದಲು ಬಂದ ಗಡಿಯಾರ ಎಸೆದು ಐದು ವರ್ಷ. ಆಮೇಲೆ ಬಂದ ಇಸ್ತ್ರಿಪೆಟ್ಟಿಗೆ ಎಸೆದು ಐದೂವರೆ. ಕನ್ನಡಕಕ್ಕೆ ಆರು. ಗೊಂಬೆಗೆ ಆರೂವರೆ. ಕೊನೆಗೆ ಬಂದ ಹಲ್ಲಿಗೆ ಏಳು. ಬಂದ ದಿನಗಳು ಮುಂದೆ ಮುಂದೆ ಹೋದ ಹಾಗೆ ಎಸೆದ ದಿನಗಳು ಹಿಂದೆ ಹಿಂದೆ ಸರಿಯುತ್ತಿದ್ದವು.

"ದಫೇದಾರ್ರೇ, ಭೂತಕ್ಕೆ ಇಷ್ಟು ಶಿಸ್ತಿರಲ್ಲ. ಯಾರೋ ಮೇಲಿಂದ ಕೆಳಗೆ ಅಗೀತಿದ್ದಾರೆ."

ಗೊಂಬೆಯ ಕೂದಲಲ್ಲಿ ಗಾಳಿಮರದ ಸೂಜಿಯೆಲೆ ಸಿಕ್ಕಿಕೊಂಡಿತ್ತು. ಊರಿನಲ್ಲಿ ಗಾಳಿಮರ ಇರುವುದು ಒಂದೇ ಕಡೆ, ಸಮುದ್ರದ ದಂಡೆಯ ತೋಪಿನಲ್ಲಿ.

ಪುರಸಭೆಯ ಮುಖ್ಯಾಧಿಕಾರಿಯ ಕೋಣೆಯಲ್ಲಿ ಆ ತೋಪಿನ ದೊಡ್ಡ ಫೋಟೋ ಇತ್ತು, ಅದರ ಕೆಳಗೆ ಪ್ರಶಸ್ತಿ ಪತ್ರ. ಇಪ್ಪತ್ತು ವರ್ಷ ಊರಿನ ಕಸವನ್ನೆಲ್ಲ ದಂಡೆಯ ಮೇಲೆ ಸುರಿದು ಗುಡ್ಡ ಮಾಡಿದ್ದರು. ಐದು ವರ್ಷದ ಹಿಂದೆ ಸುರಿಯುವುದನ್ನು ನಿಲ್ಲಿಸಿ, ಗುಡ್ಡವನ್ನು ತಟ್ಟಿ, ಮೇಲೆ ಮಣ್ಣು ಹೊದಿಸಿ, ಗಾಳಿಮರ ನೆಟ್ಟರು. ಮರ ದಂಡೆಯನ್ನು ಹಿಡಿದಿಟ್ಟುಕೊಳ್ಳಬೇಕು, ಕಾಡೂ ಆಗಬೇಕು. ಆದರೆ ಸಮುದ್ರ ವರ್ಷಕ್ಕೆ ಹತ್ತಡಿ ನೆಲ ತಿನ್ನುತ್ತಿತ್ತು.

"ಎಂಟನೇ ತಾರೀಕಿಂದ ಕಾಂಕ್ರೀಟ್ ಗೋಡೆ ಶುರು," ಎಂದರು ಮುಖ್ಯಾಧಿಕಾರಿ. "ಆ ಅಂಚಿನಲ್ಲಿ ಒಂದು ಬುಟ್ಟಿ ಮಣ್ಣನ್ನೂ ತೆಗೆಯೋ ಹಾಗಿಲ್ಲ. ಹೊದಿಕೆ ಹರಿದರೆ ಊರಿನ ಹೊಲಸೆಲ್ಲ ಸಮುದ್ರದ ಪಾಲು. ಮೀನುಗಾರರು ನನ್ನ ಬಿಡ್ತಾರಾ?"

ಅದು ಸುಳ್ಳೇನೂ ಆಗಿರಲಿಲ್ಲ.

ಶಾಲೆ ಬೀದಿಯ ಕಸ ಯಾರು ಎತ್ತುತ್ತಿದ್ದರು ಎಂದು ಕೇಳಲು ಕಸದ ಮೇಸ್ತ್ರಿಯನ್ನು ಕರೆಸಿದರು. ಕಸ ಎತ್ತುವವರ ಮೇಲ್ವಿಚಾರಣೆ, ಹಾಜರಿ ಹಾಕುವುದು ಎಲ್ಲ ಇವನದೇ. ಹಾಜರಿ ಪುಸ್ತಕವನ್ನು ಎದೆಗವಚಿಕೊಂಡು ಬಂದ.

"ಗಂಡ ಹೆಂಡ್ತಿ ಸಾರ್. ಒಂದೇ ಗಾಡಿ."

"ಎಲ್ಲಿದ್ದಾರೆ ಈಗ?"

"ಅವನು ಏಳು ವರ್ಷದ ಹಿಂದೆ ಓಡಿಹೋದ. ನೋಡಿ, ಜೂನ್ ಹನ್ನೆರಡರಿಂದ ಗೈರುಹಾಜರಿ. ಯಾರನ್ನೋ ಕಟ್ಟಿಕೊಂಡು ಹೋದ ಅಂತ ಮಾತು. ಹೆಂಡ್ತಿ ಗುಡ್ಡ ಮುಚ್ಚೋ ತನಕ ಒಬ್ಬಳೇ ಗಾಡಿ ತಳ್ಳಿದಳು. ಆಮೇಲೆ ನರ್ಸರಿಗೆ ಹಾಕಿದ್ವಿ. ತೋಪಲ್ಲಿ ಗಿಡ ನೆಡೋದು, ನೀರು ಹಾಕೋದು."

"ಅವರು ಕಸ ಎಲ್ಲಿ ಸುರಿಯೋರು?"

"ಒಂದೊಂದು ವಾರ್ಡಿಗೆ ಒಂದೊಂದು ಮೂಲೆ ಸಾರ್. ಐದನೇ ವಾರ್ಡಿಂದು ಸಮುದ್ರದ ಕಡೆ." ಗೋಡೆ ಬರುವುದೂ ಅಲ್ಲೇ.

ಹೊರಗೆ ಬರುತ್ತಿದ್ದ ಹಾಗೆ ದಫೇದಾರ ಜೀಪಿನ ಬಾಗಿಲು ಹಿಡಿದು ನಿಂತುಬಿಟ್ಟ. "ಸಾರ್, ಆ ಹೆಂಗಸು ನನಗೆ ಗೊತ್ತು. ಏಳು ವರ್ಷದಿಂದ ತಿಂಗಳಿಗೊಂದು ಸಲ ಠಾಣೆಗೆ ಬರೋಳು. ಗಂಡ ಅವತ್ತು ಕೆಲಸಕ್ಕೆ ಹೋದೋರು ವಾಪಸ್ ಬಂದಿಲ್ಲ, ಗುಡ್ಡ ಅಗೆಸಿ ನೋಡಿ ಅನ್ನೋಳು. ಹಾಜರಿಯಲ್ಲೇ ಇಲ್ವಲ್ಲಮ್ಮ ಅಂತ ನಾನೇ ಕಳಿಸ್ತಿದ್ದೆ. ಮೂರು ತಿಂಗಳಿಂದ ಬರೋದು ನಿಲ್ಲಿಸಿದ್ದಾಳೆ. ಪೀಡೆ ತೊಲಗ್ತು ಅಂದ್ಕೊಂಡಿದ್ದೆ."

ಸಂಜೆ ನಾಲ್ಕು ನಲವತ್ತಕ್ಕೆ ಅವರು ಮತ್ತೆ ಟೀಚರಮ್ಮನ ಮನೆಗೆ ಹೋದರು.

"ಹಲ್ಲಿನ ಸೆಟ್ಟು ಕೊಟ್ಟಿದ್ದು ಯಾವತ್ತು?"

"ಯಜಮಾನರು ಹೋಗಿದ್ದು ಜೂನ್ ಒಂಬತ್ತು. ಮೂರು ದಿನ ಬಿಟ್ಟು ಕೊಟ್ಟೆ."

"ಹನ್ನೆರಡು. ಬುಟ್ಟಿಗೆ ಹಾಕಿದ್ರಾ?"

"ಬುಟ್ಟಿಗೆ ಹಾಕೋಕೆ ಮನಸ್ಸಾಗಲಿಲ್ಲ. ಆ ಕಸದವನ ಕೈಗೇ ಕೊಟ್ಟೆ. ಅವನು ಒಬ್ಬನೇ ಬಂದಿದ್ದ, ಹೆಂಡ್ತಿಗೆ ಜ್ವರ ಅಂದ. 'ಇದನ್ನ ಕಸದ ಜೊತೆ ಹಾಕಲ್ಲಮ್ಮ, ಬೇರೆ ಕಡೆ ಹೂಳ್ತೀನಿ' ಅಂತ ಅಂಗಿ ಜೇಬಿಗೆ ಹಾಕ್ಕೊಂಡ. ಎರಡು ದಿನ ಬಿಟ್ಟು ಅವನು ಹನ್ನೊಂದನೇ ತಾರೀಕೇ ಊರು ಬಿಟ್ಟ ಅಂತ ಜನ ಆಡ್ಕೊಂಡ್ರು. ಅಲ್ವಲ್ಲ, ಹನ್ನೆರಡಕ್ಕೆ ನಮ್ಮನೆಗೆ ಬಂದಿದ್ನಲ್ಲ ಅಂತ ಅನ್ನಿಸ್ತು." ಟೀಚರಮ್ಮ ಹೊಸ್ತಿಲ ಕಡೆ ನೋಡಿದರು. ಆಮೇಲೆ, "ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕಸದವನ ವಿಷಯ ನನಗ್ಯಾಕೆ ಅಂತ," ಎಂದರು. ನಾಚಿಕೆಯಿಂದ ಅವರ ಮುಖ ಸಣ್ಣದಾಗಿತ್ತು.

ಹಾಗಾದರೆ ಆ ಹಲ್ಲು ಸಿಕ್ಕ ಜಾಗದಲ್ಲೇ ಅವನಿದ್ದಾನೆ. ಇನ್ಸ್‌ಪೆಕ್ಟರ್ ಇದನ್ನು ಜೋರಾಗಿ ಹೇಳಲಿಲ್ಲ. ದಫೇದಾರನಿಗೂ ಹೇಳಿಸಿಕೊಳ್ಳುವ ಅಗತ್ಯ ಇರಲಿಲ್ಲ. ಎಂಟನೇ ತಾರೀಕಿಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ಕಾಂಕ್ರೀಟ್ ಬಿದ್ದ ಮೇಲೆ ಅವನು ಶಾಶ್ವತವಾಗಿ ಓಡಿಹೋದವನೇ.

ಮಾರ್ಚ್ ಐದು, ಮಧ್ಯಾಹ್ನ ಹನ್ನೆರಡೂ ಮುಕ್ಕಾಲು. ಇನ್ಸ್‌ಪೆಕ್ಟರ್, ದಫೇದಾರ, ಒಬ್ಬ ಮಹಿಳಾ ಕಾನ್‌ಸ್ಟೆಬಲ್ ತೋಪಿನೊಳಗೆ ನಡೆದರು. ಹೊರಗೆ ಬಿಸಿಲು ಕುದಿಯುತ್ತಿತ್ತು, ಒಳಗೆ ಮಬ್ಬು. ಹಕ್ಕಿಯ ದನಿಯೇ ಇಲ್ಲ. ಮೇಲೆ ಮರಗಳು ಒಂದೇ ಸಮನೆ ಉಸ್ಸೆನ್ನುತ್ತಿದ್ದವು. ಕಾಲ ಕೆಳಗೆ ನೆಲ ಹಾಸಿಗೆಯ ಹಾಗೆ ಕುಸಿದು ಮತ್ತೆ ಮೇಲೇಳುತ್ತಿತ್ತು. ಇಪ್ಪತ್ತು ವರ್ಷದ ಊರು ಅಡಿಯಲ್ಲಿ ಇನ್ನೂ ಕೊಳೆಯುತ್ತಾ ಬೆಚ್ಚಗಿತ್ತು. ಅಲ್ಲಲ್ಲಿ ಮಣ್ಣಿನ ಬಿರುಕಿನಿಂದ ಸಣ್ಣಗೆ ಗುಳುಗುಳು ಸದ್ದು ಬರುತ್ತಿತ್ತು. ದಫೇದಾರ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾಕೆ ಅಂತ ಅವನನ್ನೇ ಕೇಳಬೇಕು.

ಸಮುದ್ರದ ಕಡೆಯ ಮೂಲೆಯಲ್ಲಿ ಹೊಸ ಸಸಿಗಳ ಸಾಲಿತ್ತು. ಗಿಡ ನೆಡಲು ಒಂದೂವರೆ ಅಡಿ ಗುಣಿ ಸಾಕು. ಇಲ್ಲಿ ಎಂಟು ಸಸಿಗಳ ಸುತ್ತ ಸಡಿಲ ಮಣ್ಣು ಬಾವಿಯಗಲ ಇತ್ತು. ಒಂಬತ್ತನೆಯ ಗುಣಿಯನ್ನು ಮುಚ್ಚಿರಲಿಲ್ಲ. ಅದು ಒಬ್ಬ ಆಳಿನಷ್ಟು ಆಳ. ಒಳಗೋಡೆಯಲ್ಲಿ ಪ್ಲಾಸ್ಟಿಕ್ ಚೀಲಗಳು ಪದರ ಪದರವಾಗಿ ಕಾಣುತ್ತಿದ್ದವು. ಅಂಚಿನಲ್ಲಿ ಒಬ್ಬ ಹೆಂಗಸು ಕಾಲು ಇಳಿಬಿಟ್ಟು ಕುಳಿತಿದ್ದಳು, ಮಡಿಲಲ್ಲಿ ಕೈ ಇಟ್ಟುಕೊಂಡು. ಓಡಲಿಲ್ಲ.

"ಬಂದ್ರಾ ಸಾರ್," ಅಂದಳು. "ಟೀಚರಮ್ಮನೇ ಠಾಣೆಗೆ ಬಂದಿರಬೇಕು. ಬೇರೆಯವರು ಬರಲಿಲ್ಲ."

"ಸಾಮಾನು ಇಟ್ಟಿದ್ದು ನೀನೇನಾ?"

"ಹೂಂ. ಯಾರ ಮನೇದು ಯಾವುದು ಅಂತ ನನಗೆ ಗೊತ್ತಾಗುತ್ತೆ. ಯಾವಾಗ ಹಾಕಿದ್ದು ಅಂತಾನೂ. ಅದನ್ನ ನೋಡ್ಕೊಂಡೇ ಇಳಿದೆ. ಈ ಪದರ ಒಂದು ವರ್ಷದ್ದು, ಅದರ ಕೆಳಗಿಂದು ಅದಕ್ಕೂ ಹಿಂದಿನ ವರ್ಷದ್ದು ಅಂತ."

"ಇನ್ನೊಂದು ಸಲ ಠಾಣೆಗೆ ಬಂದು ಹೇಳಬಹುದಿತ್ತಲ್ಲ."

ಅವಳು ದಫೇದಾರನ ಕಡೆ ನೋಡಿದಳು. ಸಿಟ್ಟಿನಿಂದಲ್ಲ. ದಫೇದಾರ ಮುಖ ತಿರುಗಿಸಿದ.

"ಎಂಬತ್ತು ಸಲ ಹೇಳಿದೀನಿ ಸಾರ್. ಮನೆಮನೆಯವರು ಹೆದರಿ ಒಂದು ಸಲ ಬಂದ್ರೆ ನೀವು ಬರ್ತೀರ, ನಾನು ಎಂಬತ್ತು ಸಲ ಬಂದ್ರೂ ಬರಲ್ಲ. ಮೊದಲು ನನಗೂ ಅಗೆಯೋ ಮನಸ್ಸಿರಲಿಲ್ಲ. ಓಡಿಹೋಗಿದ್ರೆ ಹೋಗಲಿ, ಎಲ್ಲೋ ಬದುಕಿರ್ತಾರಲ್ಲ ಅಂದ್ಕೊಳ್ತಿದ್ದೆ. ಬಂದು ಬಂದು ಕೇಳ್ತಿದ್ದೆ ಅಷ್ಟೇ. ಗೋಡೆ ಕಟ್ತಾರೆ ಅಂದ ದಿನ ತಡೆಯೋಕಾಗಲಿಲ್ಲ."

"ಹಲ್ಲು ಎಲ್ಲಿ ಸಿಕ್ತು?"

ಅವಳು ಗುಣಿಯ ತಳ ತೋರಿಸಿದಳು. "ಅಂಗಿ ಜೇಬಲ್ಲಿ. ಬಿಳಿ ಟೆರಿಕಾಟ್ ಅಂಗಿ. ಬಟನ್ ನಾನೇ ಹೊಲಿದಿದ್ದು, ಮನೇಲಿ ಬಿಳಿ ದಾರ ಇರಲಿಲ್ಲ ಅಂತ ನೀಲಿ ದಾರದಲ್ಲಿ." ಮಡಿಲಲ್ಲಿದ್ದ ಕೈಯನ್ನು ನೋಡಿಕೊಂಡಳು. "ಅಲ್ಲಿಗೇ ನಿಲ್ಲಿಸಿದೆ. ಕೈ ಮುಂದೆ ಹೋಗಲಿಲ್ಲ. ಹೋಗಿದ್ರೂ, ನಾನೇ ತೆಗೆದು ತೋರಿಸಿದ್ರೆ ನಾನೇ ತಂದಿಟ್ಟೆ ಅಂತೀರಿ. ನೀವೇ ತೆಗೀಬೇಕು."

ಒಂದು ಹತ್ತಕ್ಕೆ ಅವಳನ್ನು ಬಂಧಿಸಲಾಯಿತು. ಪುರಸಭೆಯ ನಿಷೇಧಿತ ಜಾಗ ಅಗೆದದ್ದು, ಹೆದರಿಸುವ ಉದ್ದೇಶದಿಂದ ಮನೆಗಳ ಅಂಗಳ ಹೊಕ್ಕದ್ದು. ಬಂಧನ ಪತ್ರಕ್ಕೆ ಅವಳು ಹೆಬ್ಬೆಟ್ಟು ಒತ್ತಿದಳು. ಒತ್ತುವ ಮೊದಲು ಒಂದೇ ಒಂದು ಮಾತು ಕೇಳಿದ್ದಳು: "ಕೇಸು ಅಂದ್ರೆ ಸಾಮಾನು ಸಿಕ್ಕ ಜಾಗ ನೀವು ನೋಡಲೇಬೇಕು ಅಲ್ವಾ ಸಾರ್?"

ಅಗೆಯಲು ಮುಖ್ಯಾಧಿಕಾರಿ ಒಪ್ಪಲಿಲ್ಲ. ಇನ್ಸ್‌ಪೆಕ್ಟರ್ ಮ್ಯಾಜಿಸ್ಟ್ರೇಟರ ಆದೇಶ ತಂದರು. ಮಾರ್ಚ್ ಏಳರ ಬೆಳಿಗ್ಗೆ ತೋಪಿನಲ್ಲಿ ಟಾರ್ಪಾಲು ಹಾಸಿ, ತೆಗೆದ ಕಸ ಒಂದು ಚೂರೂ ದಂಡೆಗೆ ಜಾರದ ಹಾಗೆ ಟ್ರ್ಯಾಕ್ಟರಿಗೆ ತುಂಬಿದರು. ಆ ಕೆಲಸವನ್ನು ಮುಖ್ಯಾಧಿಕಾರಿಯೇ ನಿಂತು ಮಾಡಿಸಿದರು. ಅಷ್ಟರಮಟ್ಟಿಗೆ ಅವರನ್ನು ಮೆಚ್ಚಬೇಕು. ಅವಳನ್ನೂ ಕರೆತಂದಿದ್ದರು. ಪದರ ಓದಲು ಬರುತ್ತಿದ್ದದ್ದು ಅವಳೊಬ್ಬಳಿಗೇ.

"ಅಲ್ಲಲ್ಲ, ಎಡಕ್ಕೆ. ಮೆಲ್ಲಗೆ ಅಣ್ಣ, ಮೆಲ್ಲಗೆ."

ಹನ್ನೊಂದು ಐದಕ್ಕೆ ನೀಲಿ ದಾರದ ಬಟನ್ ಕಂಡಿತು. ಅವನು ಬೋರಲಾಗಿ ಬಿದ್ದಿದ್ದ, ಎರಡೂ ಕೈ ತಲೆಯ ಮುಂದೆ ಚಾಚಿ, ಮೇಲಕ್ಕೆ ಬರಲು ನೋಡಿದವನ ಹಾಗೆ.

ಕೆಲಸದವರ ಜೊತೆ ಬಂದಿದ್ದ ಮೇಸ್ತ್ರಿ ಅಲ್ಲೇ ಬಾಯಿಬಿಟ್ಟ. ಅವತ್ತು ಮಳೆ. ಮಳೆಯಲ್ಲಿ ಗುಡ್ಡ ಹತ್ತಿಸಬಾರದು ಅಂತ ಪುರಸಭೆಯ ಆದೇಶವೇ ಇತ್ತು. ಗಾಡಿ ಖಾಲಿ ಮಾಡಿ ಬಾ ಅಂತ ಇವನೇ ಹತ್ತಿಸಿದ. ಗುಡ್ಡ ಜಾರಿತು. ಇವನು ಹೆದರಿ ಕಚೇರಿಗೆ ಓಡಿ, ಹಾಜರಿ ಪುಸ್ತಕ ತೆಗೆದು ಗೈರುಹಾಜರಿ ಹಾಕಿದ. ಸಂಜೆಯೊಳಗೆ ಮೇಸ್ತ್ರಿಯ ಮೇಲೆ ಎರಡನೇ ಎಫ್‌ಐಆರ್ ಆಯಿತು.

ಅವಳ ಹೇಳಿಕೆಯನ್ನು ಇನ್ಸ್‌ಪೆಕ್ಟರ್ ತಾವೇ ಬರೆದುಕೊಂಡರು. ಯಾಕೆ ಹೀಗೆ ಮಾಡಿದೆ ಎಂಬ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಎರಡೇ ಸಾಲು. ಮಗಳು ಅಪ್ಪ ಅನ್ನುವ ಮಾತನ್ನೇ ಬಿಟ್ಟಿದ್ದಾಳೆ. ಬಿಟ್ಟು ಹೋದವನ ಹೆಸರು ಯಾಕಮ್ಮ ಅಂತಾಳೆ.

"ನಾಳೆ ಜಾಮೀನು ಸಿಗುತ್ತೆ," ಎಂದರು ಇನ್ಸ್‌ಪೆಕ್ಟರ್.

"ಸಿಗಲಿ ಬಿಡಿ. ಆ ಹಾಜರಿ ಪುಸ್ತಕ ತೋರಿಸ್ತೀರಾ?"

ಜಪ್ತಾದ ಪುಸ್ತಕ ಮೇಜಿನ ಮೇಲಿತ್ತು. ತೆರೆದರು. ಓದಲು ಬಾರದ ಅವಳು ಬೆರಳು ಇಟ್ಟು ಕೇಳಿದಳು. "ಹನ್ನೆರಡನೇ ತಾರೀಕು ಇದೇನಾ? ಇದನ್ನ ಹೊಡೆದುಹಾಕಿ ಸಾರ್. ಅವತ್ತು ಅವರು ಕೆಲಸಕ್ಕೆ ಹೋಗಿದ್ರು."

"ಸಾಕ್ಷ್ಯದ ಮೇಲೆ ನಾನು ಬರೆಯೋ ಹಾಗಿಲ್ಲಮ್ಮ."

ಅವಳು ಬೆರಳು ತೆಗೆಯಲಿಲ್ಲ. ಇನ್ಸ್‌ಪೆಕ್ಟರ್ ಬೆಳಿಗ್ಗೆ ಬರೆದ ಶವದ ಪಂಚನಾಮೆಯನ್ನು ಎಳೆದುಕೊಂಡು ಕೊನೆಯಲ್ಲಿ ಒಂದು ಸಾಲು ಸೇರಿಸಿ, ಸಹಿ ಮಾಡಿ, ಓದಿ ಹೇಳಿದರು: "ಸದರಿ ಮೃತರು ಜೂನ್ ಹನ್ನೆರಡರಂದು ಕೆಲಸಕ್ಕೆ ಹಾಜರಿದ್ದು, ಕೆಲಸದಲ್ಲಿರುವಾಗಲೇ ಮೃತಪಟ್ಟಿರುತ್ತಾರೆ."

"ಇನ್ನೊಂದು ಸಲ ಓದಿ."

ಓದಿದರು. ಅವಳ ತುಟಿ ಅವರ ಜೊತೆಗೇ ಅಲುಗುತ್ತಿತ್ತು, ಬಾಯಿಪಾಠ ಮಾಡಿಕೊಳ್ಳುವವರ ಹಾಗೆ.

"ಇನ್ನೊಂದೇ ಸಲ ಸಾರ್," ಅಂದಳು. "ಮಗಳಿಗೆ ತಪ್ಪಿಲ್ಲದೆ ಹೇಳಬೇಕು."